ರುದ್ರವ್ವ ಆ ರೊಕ್ಕ ಮುಟ್ಟಿರಲಿಲ್ಲ

ಸುಳ್ಳು ಹೇಳಿದ್ದು ನಾನು, ಹಾಲಮ್ಮ. ನಿಮ್ಮವ್ವ ಯಾರ ರೊಕ್ಕನೂ ಕದ್ದಿರಲಿಲ್ಲ. ಕದಿಯೋಕೆ ಅಲ್ಲಿ ರೊಕ್ಕನೇ ಇರಲಿಲ್ಲ — ನಮ್ಮ ಮನೆಯಿಂದ ಒಂದು ಬಿಡಿ ಕಾಸೂ ಆಕಿ ಕೈಗೆ ಹೋಗಿರಲಿಲ್ಲ. ಹೋಗೈತೆ ಅಂತ ಹೇಳಿದಾಕಿ ನಾನು. ಆಗ ನನಗೆ ಹನ್ನೆಲ್ಡು ವರ್ಷ. ಈಗ ಎಂಬತ್ತರ ಹತ್ರ.

ಮೊದಲು ಇಷ್ಟು ಬರೆದುಬಿಟ್ಟೆ. ಇಲ್ಲಾಂದ್ರೆ ನಾನು ಅಲ್ಲಿ ಇಲ್ಲಿ ಸುತ್ತಾಡಿ, ನಾಕು ಚೇಷ್ಟೆ ಮಾಡಿ, ನಿನ್ನ ನಗಿಸಿ, ಹೇಳೋದನ್ನ ಹೇಳದೇ ಫೋನು ದಿಂಬಿನ ಕೆಳಗೆ ಇಡ್ತಿದ್ದೆ. ಬಾಳೆಲ್ಲ ಅದೇ ಮಾಡ್ಕಂಡು ಬಂದೀನಿ. ಈ ಫೋನಿನಾಗೆ ಅಕ್ಷರ ಒತ್ತೋದು ಮೊಮ್ಮಗಳು ಕಲಿಸಿ ಒಂದು ತಿಂಗಳಾತು. ನಾನು 'ಅವ್ವ' ಅಂತ ಒತ್ತಿದ್ರೆ ಅದು 'ಅವಲಕ್ಕಿ' ಅಂತೈತೆ. ಕಲಿತ ದಿನ ಬೀಗಿತ್ತಿಗೆ ಒಂದು ಕತ್ತೆ ಚಿತ್ರ ಕಳಿಸಿದೆ, ಇನ್ನೂ ಮಾತು ಬಿಟ್ಟಾಳೆ. ಇದನ್ನ ಮೊಮ್ಮಗಳಿಗೆ ತೋರಿಸಿಲ್ಲ. ತಪ್ಪು ಬಿದ್ದಲ್ಲಿ ನೀನೇ ಸರಿ ಮಾಡ್ಕಂಡು ಓದು. ನಿನ್ನನ್ನ 'ನೀನು' ಅಂತೀನಿ, ಬ್ಯಾಸರ ಮಾಡ್ಕಬ್ಯಾಡ — ನಿನಗೆ ಹಲ್ಲು ಬರೋಕೂ ಮುಂಚೆ ನಿನ್ನ ಎತ್ತಿ ಆಡಿಸೀನಿ ನಾನು.

ಹೋದ ವಾರ ಆ ಮದುವೆ ಊಟದಾಗೆ ನೀನು ನನ್ನ ಪಕ್ಕ ಕೂತಿದ್ದಿ. ಯಾವೂರು ತಂಗಿ ಅಂದೆ. ಆವರಗೆರೆ, ಹಾಲಿನೋರ ಮನೆ ಅಂದಿ. ಹೆಸರು ಹಾಲಮ್ಮ ಅಂದಿ. ನಿಮ್ಮವ್ವ... ಅಂತ ಕೇಳಿದೆ. ಯಾಕ ಕೇಳಿದ್ನೋ. ನೀನು ತಲಿ ಎತ್ತದೇ ಹೇಳಿದಿ, "ಆಕಿ ಸುದ್ದಿ ಬ್ಯಾಡ ಬಿಡ್ರಿ ಅಕ್ಕಾರೆ. ಹಾಲಿನ ರೊಕ್ಕ ನುಂಗಿ, ಕೂಸು ಬಿಟ್ಟು ಹೋದಾಕಿ. ಹಿರೇರಿಗೆ ಎಡೆ ಇಡೋವಾಗ ಆಕಿ ಹೆಸರು ನಾವು ತಗಳಲ್ಲ." ಆಮೇಲೆ ನೀನೇ ನಕ್ಕು, "ಹೋಳಿಗಿ ಆರ್ತೈತೆ, ಉಣ್ರಿ" ಅಂದಿ.

ನಾನು ಉಂಡೆ, ಹಾಲಮ್ಮ. ಪೂರ್ತಿ ಉಂಡೆ. ಆವತ್ತೂ ಬಾಯಿ ಬಿಡಲಿಲ್ಲ. ನಿನ್ನ ನಂಬರು ಬರೆಸ್ಕಂಡು ಎದ್ದು ಬಂದೆ.

ಈಗ ಕೇಳು.

ನಮ್ಮಪ್ಪ ದಾವಣಗೆರೆ ಹತ್ತಿ ಮಿಲ್ಲಿನಾಗೆ ಕೆಲಸಕ್ಕಿದ್ದ. ಮಿಲ್ಲಿನ ಹಿಂದಿನ ಓಣ್ಯಾಗೆ ನಮ್ಮ ಮನೆ. ಆಗ ಹಾಲಿನ ಲೆಕ್ಕ ಪುಸ್ತಕದಾಗೆ ಇರ್ತಿರಲಿಲ್ಲ, ಗ್ವಾಡಿ ಮ್ಯಾಲೆ ಇರ್ತಿತ್ತು — ನಿನಗೂ ಗೊತ್ತಿರಬೇಕು. ಬಾಗಿಲ ಪಕ್ಕದಾಗೆ ಒಂದು ತೆಂಗಿನ ಚಿಪ್ಪು, ಅದರಾಗೆ ಕಲಸಿದ ಕೆಮ್ಮಣ್ಣು. ಹಾಲು ಹಾಕಿದಾಕಿ ಬೆರಳು ಅದ್ದಿ ಗ್ವಾಡಿಗೆ ಒಂದು ಬೊಟ್ಟು ಇಡೋದು. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಎಲ್ಡೂ ಕಡೆಯೋರು ನಿಂತು ಬೊಟ್ಟು ಎಣಿಸೋರು. ರೊಕ್ಕ ಕೈಗೆ ಬಿದ್ದ ಮ್ಯಾಲೆ ಹಾಲಿನಾಕಿನೇ ತನ್ನ ಕೈಯಾರೆ ಆ ಬೊಟ್ಟುಗಳ ಮ್ಯಾಲೆ ಮೊದಲ ಸುಣ್ಣ ಎಳೀಬೇಕು. ಆಮೇಲೆನೇ ನಾವು ಮನೆಗೆ ಸುಣ್ಣ ಹಚ್ಚೋದು. ಗ್ವಾಡಿ ಬೆಳ್ಳಗಾತು ಅಂದ್ರೆ ಬಾಕಿ ಇಲ್ಲ. ಸಹಿ ಇಲ್ಲ, ಸಾಕ್ಷಿ ಇಲ್ಲ, ಅಷ್ಟೇ ಕರಾರು.

ನಿಮ್ಮವ್ವಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ನಾನು ರುದ್ರಕ್ಕ ಅಂತಿದ್ದೆ. ತಲಿ ಮ್ಯಾಲೆ ಹಿತ್ತಾಳಿ ಕೊಡ, ಬಗಲಾಗೆ ನೀನು, ಆವರಗೆರೆಯಿಂದ ನಡಕಂಡು ಬರೋಳು. ಬಾಯಾಗೆ ಸಿಳ್ಳೆ. ಸೊಸಿ ಆದಾಕಿ ಬೀದ್ಯಾಗೆ ಸಿಳ್ಳೆ ಹೊಡಿಯೋದು ಅಂದ್ರೆ ಏನು, ಓಣಿ ಮುದುಕೇರೆಲ್ಲ ಶಾಪ ಹಾಕೋರು. ಆಕಿ ನನಗೂ ಕಲಿಸಿದ್ಲು. ಬೊಟ್ಟು ಇಡೋ ಕೆಲಸ ನನಗೇ ಬಿಟ್ಟಿದ್ಲು. ನಾನು ಗ್ವಾಡಿಗೆ ಒಂದು ಇಟ್ಟು, ಉಳಿದ ಕೆಮ್ಮಣ್ಣು ಆಕಿ ಮೂಗಿಗೆ ಹಚ್ಚಿ ಓಡ್ತಿದ್ದೆ. "ಏ ಕೋತಿಮುಂಡೇದೆ, ನಿನ್ನ ಗಂಡನ ಮೂಗಿಗೆ ನಾ ಸಗಣಿ ಹಚ್ಚದಿದ್ರೆ ಕೇಳು" ಅನ್ನೋಳು. ಒರೆಸ್ಕಳ್ತಿರಲಿಲ್ಲ. ಹಂಗೇ ಕೆಂಪು ಮೂಗಿನಾಗೆ ಇಡೀ ಊರಿಗೆ ಹಾಲು ಹಾಕಿ ಹೋಗೋಳು.

ಆ ವರ್ಷ ಮಿಲ್ಲು ಮುಚ್ಚಿತು. ದೀಪಾವಳಿ ಬಂತು, ರೊಕ್ಕ ಇಲ್ಲ. ನಿಮ್ಮ ದೊಡ್ಡಪ್ಪ ಹನುಮಂತಪ್ಪ ವಸೂಲಿಗೆ ಬಂದ. ಬಂದೋನು ಹಾಲಿನ ಜೊತೆಗೆ ಇನ್ನೊಂದು ಬಾಕಿ ತೆಗೆದ — ನಮ್ಮಜ್ಜಿ ತಿಥಿಗೆ ನಾವು ಮೂರು ಸೇರು ತುಪ್ಪ ಒಯ್ದಿದ್ವಿ, ನಾಕು ವರ್ಷ ಆತು, ಅದರ ರೊಕ್ಕ ಬಂದಿಲ್ಲ ಅಂತ. ಅದು ಆಗಲೇ ಮುಟ್ಟೈತೆ ಅಂದ್ಲು ನಮ್ಮವ್ವ. ತುಪ್ಪದ ಲೆಕ್ಕ ಗ್ವಾಡಿ ಮ್ಯಾಲೆ ಇರಲ್ವಲ್ಲ, ಯಾರಿಗೆ ಗೊತ್ತು. ಅಪ್ಪ ಅದನ್ನೇ ಹಿಡ್ಕಂಡ. "ತುಪ್ಪದ ಮಾತು ಬಿಡೋತನಕ ಹಾಲಿನ ರೊಕ್ಕಾನೂ ಇಲ್ಲ" ಅಂದ. ರೊಕ್ಕ ಇಲ್ಲ ಅನ್ನೋಕೆ ನಾಚಿಕೆ, ಅದಕ್ಕೆ ತುಪ್ಪ ಒಂದು ನೆಪ.

ಆಮೇಲೆ ಹನುಮಂತಪ್ಪ ವಾರಕ್ಕೊಮ್ಮೆ ಬರೋಕೆ ಹತ್ತಿದ. ಬಯ್ಯೋಕೂ ಹೊಡಿಯೋಕೂ ಬರ್ತಿರಲಿಲ್ಲ. ಕಟ್ಟಿ ಮ್ಯಾಲೆ ಕೂತು ಎಲೆಅಡಿಕೆ ಹಾಕ್ಕಂಡು ಓಣಿಗೆಲ್ಲ ಕೇಳೋ ಹಂಗೆ ಮಾತಾಡ್ತಿದ್ದ. "ಅವ್ವಾ, ಚಾ ಏನು ಬ್ಯಾಡ್ರಿ, ನಮ್ಮ ಹಾಲು ನಮಗೇ ಯಾಕ ಕುಡಿಸ್ತೀರಿ!" ಅಪ್ಪ ಹಿತ್ತಲ ಬಾಗಿಲಿಂದ ಹೋಗಿಬಿಡೋನು. ಅದನ್ನ ಕಂಡು, "ಯಜಮಾನ್ರು ಸಂಡಾಸಿಗೆ ಹೋದ್ರೇನು, ಹೋದ ವಾರದಿಂದ?" ಅಂತ ಕೇಳೋನು. ಮಂದಿ ನಗೋರು. ನಮ್ಮದೊಂದೇ ಮನೆ ಗ್ವಾಡಿ ಆ ದೀಪಾವಳಿಗೆ ಸುಣ್ಣ ಕಾಣಲಿಲ್ಲ. ಕೆಂಪು ಬೊಟ್ಟು ಬಾಗಿಲು ದಾಟಿ ಕಿಟಕಿತನಕ ಬಂದ್ವು. ಓಣಿ ಹುಡುಗೇರು ನಮ್ಮ ಮನೆಗೆ ಸಿಡುಬು ಎದ್ದೈತೆ ಅನ್ನೋರು.

ಅಷ್ಟಾದ್ರೂ ಹಾಲು ನಿಲ್ಲಲಿಲ್ಲ. ಯಾಕ ಗೊತ್ತೇನು? ನಿಮ್ಮವ್ವ ನಿಲ್ಲಿಸಗೊಡಲಿಲ್ಲ. ನನ್ನ ತಮ್ಮ ಕೈಕೂಸು, ನಿನ್ನ ವಾರಿಗೆ. ಅವ್ವನ ಎದಿಯಾಗೆ ಹಾಲು ಬತ್ತಿತ್ತು. "ಆ ಕೂಸಿಗೆ ತಪ್ಪಿಸಿ ನನ್ನ ಕೂಸಿಗೆ ಕುಡಿಸಿದ್ರೆ ನನ್ನ ಎದಿಯಾಗೆ ಹಾಲು ಇಳಿಯುತ್ತೇನಕ್ಕಾ" ಅಂದ್ಲು ನಮ್ಮವ್ವಗೆ. ಮನ್ಯಾಗೆ ಬೈಸ್ಕಂಡು ತಂದು ಹಾಕಿದ್ಲು. ನಾನು ಅಲ್ಲೇ ನಿಂತು ಕೇಳ್ಸಿಕೊಂಡೀನಿ ಆ ಮಾತು. ಕೇಳ್ಸಿಕೊಂಡೂ —

ಯುಗಾದಿ ಇನ್ನೊಂದು ವಾರ ಇತ್ತು. ಹನುಮಂತಪ್ಪ ಬಂದು ಹೇಳಿ ಹೋದ, "ನಾಳೆ ನಾಕು ಮಂದಿ ಕರ್ಕಂಡು ಬರ್ತೀನಿ. ರೊಕ್ಕ ಇಲ್ಲಾಂದ್ರೆ ಆ ತಾಮ್ರದ ಹಂಡೆ ಹೊತ್ಕಂಡು ಹೋಗ್ತೀನ್ರಿ." ಅದು ನಮ್ಮವ್ವನ ತವರು ಹಂಡೆ. ಅಪ್ಪ ಕೆಲಸ ಹುಡುಕ್ಕಂಡು ಹರಿಹರಕ್ಕೆ ಹೋಗಿದ್ದ. ಅವ್ವ ತಮ್ಮನ್ನ ಕಟ್ಕಂಡು ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋದ್ಲು. ಮಧ್ಯಾಹ್ನ ನಾನೊಬ್ಳೇ. ಪಕ್ಕದ ಮನೆಯೋರು ಯುಗಾದಿಗೆ ಅಂತ ಸುಣ್ಣ ನೆನೆಸಿಟ್ಟಿದ್ರು. ಒಂದು ತಂಬಿಗೆ ಕೇಳಿ ತಂದೆ.

ಹುಡುಗಾಟ ಅಂತ ಬರೀಬಹುದಿತ್ತು. ಅಲ್ಲ. ಒಂದು ಸಲ ಬಳಿದ್ರೆ ಕೆಂಪು ಹೋಗಲಿಲ್ಲ, ಸುಣ್ಣದೊಳಗಿಂದ ಇಣುಕ್ತಿತ್ತು. ಆರೋತನಕ ಕಾಯ್ದು ಇನ್ನೊಂದು ಸಲ ಬಳಿದೆ. ಮತ್ತೂ ಒಂದು ಸಲ. ಮೂರು ಸಲ ಬಳಿಯೋಷ್ಟು ಹೊತ್ತು ಇತ್ತು ನನಗೆ ಯೋಚನೆ ಮಾಡೋಕೆ.

ಅವ್ವ ಬಂದು ಗ್ವಾಡಿ ನೋಡಿ ಬಾಗಿಲಾಗೇ ನಿಂತ್ಲು. "ಏನು ಮಾಡಿದೆ ಗಿರ್ಜಿ" ಅಂದ್ಲು. ಹೊಡೀಲಿಲ್ಲ.

ಮರುದಿನ ಬೆಳಿಗ್ಗೆ, ಹಾಲು ಬರೋಕೂ ಮುಂಚೆನೇ, ಹನುಮಂತಪ್ಪ ನಾಕು ಮಂದಿ ಕರ್ಕಂಡು ಬಂದ. ಗ್ವಾಡಿ ಮುಟ್ಟಿ ಕೈ ನೋಡ್ಕಂಡ, ಬೆಳ್ಳಗೆ ಹತ್ತಿತ್ತು. "ಯಾರು ಬಳಿದ್ರು ಇದನ್ನ?" ಅಂದ. ನಮ್ಮ ಕಡೆಯೋರು ಬಳಿದ್ರೆ ಅದು ಕಳ್ಳತನ. ನಿಮ್ಮ ಕಡೆಯೋರು ಬಳಿದಿದ್ರೆ ಮಾತ್ರ ಬಾಕಿ ತೀರಿತು. ಅದು ನನಗೆ ಚೊಲೋ ಗೊತ್ತಿತ್ತು. ನಾನು ಹೇಳಿದೆ,

"ರುದ್ರಕ್ಕ ನಿನ್ನೆ ಬಂದು ಎಣಿಸಿ ರೊಕ್ಕ ಇಸ್ಕಂಡ್ಲು. ಆಕಿನೇ ಬಳಿದು ಹೋದ್ಲು."

ಅವನು ನಮ್ಮವ್ವನ ಕಡೆ ತಿರುಗಿದ. "ಹೌದೇನವ್ವಾ?" ಅವ್ವ ಗ್ವಾಡಿ ನೋಡಿದ್ಲು, ಹಂಡೆ ನೋಡಿದ್ಲು, ನನ್ನ ನೋಡಿದ್ಲು. "ಹುಡುಗಿ ಹೇಳಿದ್ದು ಕೇಳಿದ್ರಲ್ಲ" ಅಂದ್ಲು.

"ಹಂಗಾ" ಅಂದ ಅವನು. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೋದ. ಅಷ್ಟು ದಿನ ಓಣಿ ತುಂಬ ಕೂಗಿದೋನು ಅವತ್ತು ಕೂಗಲಿಲ್ಲ. ಯಾಕಂದ್ರೆ ಈಗ ಅದು ಅವರ ಮನೆ ಮರ್ಯಾದಿ ಆಗಿತ್ತು.

ಎಲ್ಡು ದಿನ ಹಾಲು ಬರಲಿಲ್ಲ. ಮೂರನೇ ದಿನದಿಂದ ತಂದಿದ್ದು ನಿಮ್ಮಜ್ಜಿ. ಬಗಲಾಗೆ ನೀನು. ಎದಿ ಹುಡುಕ್ಕಂತ ಆ ಮುದುಕಿ ಕುಪ್ಪಸ ಎಳೀತಿದ್ದಿ, ಅಳ್ತಿದ್ದಿ. ನಿಮ್ಮಜ್ಜಿನೇ ಕಟ್ಟಿ ಮ್ಯಾಲೆ ಕೂತು ಹೇಳಿದ್ಲು ನಮ್ಮವ್ವಗೆ — ರುದ್ರಿನ್ನ ಉಕ್ಕಡಗಾತ್ರಿಗೆ ಕರ್ಕಂಡು ಹೋಗಿದ್ವಿ, ಹೊಳಿಯಾಗೆ ಮುಳುಗಿಸಿ ಒದ್ದೆ ಸೀರ್‍ಯಾಗೆ ಅಜ್ಜಯ್ಯನ ಗದ್ದಿಗಿ ಮುಂದೆ ಆಣಿ ಇಡಿಸಿದ್ವಿ, ಮುಟ್ಟಿಲ್ಲ ಅಂತ ಆಣಿ ಇಟ್ಲು ಕಣವ್ವ, ಆಣಿಗೂ ಹೆದರದ ಕಳ್ಳಿ ಅಂದ್ಲು. ನಿಮ್ಮಪ್ಪ ಅಣ್ಣನ ಮುಂದೆ ಬಾಯಿ ಬಿಡೋನಲ್ಲ. ಆಕಿನ್ನ ಹರಿಹರದ ಆಚೆ ತವರಿಗೆ ಬಿಟ್ಟು ಬಂದ್ರು. ನಿನ್ನ ಕೊಡಲಿಲ್ಲ.

ನಿಮ್ಮಜ್ಜಿ ಹೇಳ್ತಿರೋವಾಗ ನಾನು ಬೊಟ್ಟು ಇಟ್ಟೆ. ಹೊಸ ಗ್ವಾಡಿಗೆ ಮೊದಲ ಬೊಟ್ಟು. ಆಗ ಒಂದು ಮಾತು... ಒಂದೇ ಮಾತು ಸಾಕಿತ್ತು. ಹಂಡೆ ಹೋಗ್ತಿತ್ತು, ನನ್ನ ಬೆನ್ನ ಮ್ಯಾಲೆ ಎಲ್ಡು ಏಟು ಬೀಳ್ತಿದ್ವು. ಅಷ್ಟೇ ಹೋಗ್ತಿದ್ದಿದ್ದು.

ಅವ್ವ ಅವತ್ತಿಂದ ಸಾಯೋತನಕ ಹಾಲು ಹಾಕಿದ ಚಾ ಕುಡೀಲಿಲ್ಲ.

ಇಲ್ಲಿಗೇ ಮುಗಿದಿದ್ರೆ ಹನ್ನೆಲ್ಡು ವರ್ಷದ ಹುಡುಗಿ ಅಂತ ನೀನು ಬಿಟ್ಟುಬಿಡ್ತಿದ್ಯೋ ಏನೋ. ಮುಗೀಲಿಲ್ಲ.

ನನ್ನ ಹರಿಹರಕ್ಕೆ ಕೊಟ್ರು. ಮದುವಿ ಆಗಿ ಮೊದಲ ಸಲ ತವರಿಗೆ ಹೋಗಿ, ಅತ್ತಿ ಜೊತಿಗೆ ರೈಲಿನಾಗೆ ವಾಪಸ್ ಬರ್ತಿದ್ದೆ. ನನಗೆ ಹತ್ತೊಂಬತ್ತು. ಹರಿಹರ ಟೇಶನ್ನಿನಾಗೆ ಇಳಿದು ಗಂಟು ಎಣಿಸ್ತಿದ್ದೆ, ಹಿಂದಿಂದ ಯಾರೋ "ಗಿರ್ಜೀ" ಅಂದ್ರು. ಶೇಂಗಾದ ಬುಟ್ಟಿ ಹೊತ್ತ ಒಬ್ಬಾಕಿ. ಸಣ್ಣಗಾಗಿದ್ಲು. ಗುರುತು ಸಿಗದಂಗೇನೂ ಇರಲಿಲ್ಲ, ಹಾಲಮ್ಮ. ದನಿ ಕೇಳಿದ ಕೂಡಲೇ ಗೊತ್ತಾಗಿತ್ತು.

ಬಯ್ತಾಳೆ ಅನ್ಕಂಡೆ. ಯಾಕ ಹಂಗೆ ಹೇಳಿದೆ ಅಂತ ಅತ್ತಿ ಮುಂದೆ ಕೇಳ್ತಾಳೆ ಅನ್ಕಂಡೆ. ಆಕಿ ಆ ಸುದ್ದಿನೇ ಎತ್ತಲಿಲ್ಲ. ಬುಟ್ಟಿ ಇಳಿಸಿ ನನ್ನ ಕೈ ಹಿಡ್ಕಂಡ್ಲು. "ಗಿರ್ಜೀ, ದಾವಣಗೆರೆಯಿಂದ ಬಂದ್ಯೇನೆ? ನನ್ನ ಮಗಳು ನಿಮ್ಮ ಓಣಿಗೆ ಬರ್ತಾಳೇನೆ? ಎಷ್ಟುದ್ದ ಆಗ್ಯಾಳೆ? ಯಾರನ್ನ ಹೋಲ್ತಾಳೆ?"

ನಾನು ನಿನ್ನ ಮೂರು ದಿನದ ಹಿಂದೆ ನೋಡಿದ್ದೆ. ನಿಮ್ಮಜ್ಜಿ ಹಿಂದೆ ಒಂದು ಸಣ್ಣ ಚೊಂಬು ಹಿಡ್ಕಂಡು ಬಂದಿದ್ದಿ. ಎಲ್ಡು ಜಡಿ, ಕೆಂಪು ಟೇಪು. ಮುಂದಿನ ಹಲ್ಲು ಬಿದ್ದಿದ್ವು. ಹಣಿ, ಹುಬ್ಬು ಎಲ್ಲ ಆಕಿದೇ. ಇಷ್ಟೂ ನನ್ನ ಬಾಯಿತನಕ ಬಂತು. ಅತ್ತಿ, "ಯಾರೇ ಈಕಿ?" ಅಂದ್ಲು.

"ಗೊತ್ತಿಲ್ಲತ್ತಿ. ಯಾರೋ ಏನೋ" ಅಂದೆ. ಕೈ ಕೊಡವಿಕೊಂಡೆ.

ಆಕಿ ನನ್ನ ಮುಖಾನೇ ನೋಡಿದ್ಲು. ನನಗೆ ಉಳಿದಿರೋದು ಆ ನೋಟ... ಸಿಟ್ಟು ಇರಲಿಲ್ಲ ಅದರಾಗೆ. ಇನ್ನೂ ಏನೋ ಹೇಳ್ತಾಳೆ ಇವಳು ಅಂತ ಕಾಯ್ತಿದ್ಲು. ಆಮೇಲೆ, "ತಪ್ಪಾತು ತಾಯಿ, ನಮ್ಮ ಕಡೆ ಹುಡುಗಿ ಅನ್ಕಂಡೆ" ಅಂದ್ಲು. ಬುಟ್ಟಿ ಹೊತ್ಕಂಡು ಮುಂದಿನ ಡಬ್ಬಿ ಕಡೆ ಹೋದ್ಲು.

ಆಮೇಲೆ ನಾನು ಎಲ್ಡು ವರ್ಷ ರೈಲು ಬಿಟ್ಟು ಬಸ್ಸಿನಾಗೆ ಓಡಾಡಿದೆ. ರೈಲಿನಾಗೆ ತಲಿ ತಿರುಗ್ತೈತೆ ಅಂತ ಗಂಡಗೆ ಹೇಳಿದ್ದೆ. ಕಡಿಗೆ ಒಂದಿನ ತಡಿಯೋಕಾಗದೇ ಟೇಶನ್ನಿಗೆ ಹೋದೆ. ಆಕಿ ಇರಲಿಲ್ಲ. ಶೇಂಗಾ ಮಾರೋ ಇನ್ನೊಬ್ಬಾಕಿ ಹೇಳಿದ್ಲು, ಮಳಿಗಾಲದಾಗೆ ಜ್ವರ ಬಂದು ತೀರಿಕಂಡ್ಲು, ತವರೂರಿನಾಗೆ ಮಣ್ಣು ಮಾಡಿದ್ರು ಅಂತ. ದಾವಣಗೆರೆ ಗಾಡಿ ಬಂದ್ರೆ ಸಾಕು, ಶೇಂಗಾ ಮಾರೋದು ಬಿಟ್ಟು ಇಳಿಯೋ ಮಂದಿ ಮುಖ ನೋಡ್ಕಂತ ನಿಲ್ತಿದ್ಲು ಅಂತಾನೂ ಹೇಳಿದ್ಲು.

ನಿಮ್ಮವ್ವ ನಿನ್ನ ಬಿಟ್ಟು ಹೋಗಿರಲಿಲ್ಲ. ಹರಿಹರ ಏನು ದೂರ, ಅಲ್ಲೇ ನಿಂತಿದ್ಲು.

ಬರೋ ಗುರುವಾರ ನಾನು ಆವರಗೆರೆಗೆ ಬರ್ತೀನಿ. ಮೊಮ್ಮಗಳಿಗೆ ಆಟೋ ಹೇಳು ಅಂದೀನಿ, ಯಾಕ ಅಂತ ಹೇಳಿಲ್ಲ. ಹನುಮಂತಪ್ಪನ ಮಕ್ಕಳು, ನಿನ್ನ ಮಕ್ಕಳು, ಮೊಮ್ಮಕ್ಕಳು, ಯಾರ್‍ಯಾರು ಆಕಿನ್ನ ಕಳ್ಳಿ ಅಂತ ಕೇಳಿ ಬೆಳದಾರೋ ಅವರನ್ನೆಲ್ಲ ಕರಿ. ಇಲ್ಲಿ ಬರೆದಿದ್ದನ್ನ ಅಲ್ಲಿ ಬಾಯಿಂದ ಹೇಳ್ತೀನಿ. ನೀನು ಬಾಗಿಲು ಹಾಕ್ಕಂಡ್ರೆ ಬೀದ್ಯಾಗೆ ನಿಂತು ಹೇಳ್ತೀನಿ, ಗಂಟಲು ಇನ್ನೂ ಗಟ್ಟಿ ಐತೆ. ತಪ್ಪಾತು ಅನ್ನೋಕೆ ಬರ್ತಿಲ್ಲ. ಆ ಮಾತು ಆಕಿಗೆ ಹೇಳಬೇಕಿತ್ತು, ಆಕಿನೇ ನನಗೆ ಹೇಳಿ ಹೋದ್ಲು.

ಬಂದಾಗ ಕೂಡ್ರಿ ಅನ್ನಬ್ಯಾಡ. ನೀರು ಕೊಡಬ್ಯಾಡ. ನಿಂತೇ ಹೇಳ್ತೀನಿ.