ಕಾಪುವಿನ ಐದಕ್ಕೆ ಐದು

ನಿವೃತ್ತನಾದ ಮೇಲೂ ಪರೀಕ್ಷೆಗೆ ಹೆದರುವುದು ಮರ್ಯಾದಸ್ಥರ ಲಕ್ಷಣವಲ್ಲ. ಆದರೂ ಹೆದರುತ್ತೇನೆ. ಕಾಪುವಿನ ಶಾಲೆಯಲ್ಲಿ ಆಯುಷ್ಯವಿಡೀ ಕನ್ನಡ ಪಾಠ ಹೇಳಿದವನು ಈಗ ಉಡುಪಿಯಿಂದ ಮಣಿಪಾಲದ ಬಸ್ಸು ಹತ್ತಿ ಸಂವಹನ ವಿಷಯದಲ್ಲಿ ಎಂ.ಎ. ಓದುತ್ತಿದ್ದೇನೆ. ಉಳಿದ ವಿಷಯಗಳನ್ನು ಹೇಗೋ ದಾಟಿದೆ. ಪರಿಮಾಣಾತ್ಮಕ ಸಂಶೋಧನಾ ವಿಧಾನವೆಂಬುದು ಮಾತ್ರ ದಾರಿಗಡ್ಡ ಮಲಗಿತು. ಅದಕ್ಕೊಂದು ಕಿರು ಸಂಶೋಧನೆ ಒಪ್ಪಿಸದಿದ್ದರೆ ಪದವಿಯಿಲ್ಲ.

ಮನುಷ್ಯನ ಮನಸ್ಸನ್ನು ಒಂದರಿಂದ ಐದರೊಳಗೆ ಅಳೆಯಬಹುದು ಎಂಬುದು ಈ ಶಾಸ್ತ್ರದ ಶ್ರದ್ಧೆ. ಒಂದೆಂದರೆ ಸುತರಾಂ ಒಪ್ಪುವುದಿಲ್ಲ, ಐದೆಂದರೆ ಪೂರ್ತಿ ಒಪ್ಪುತ್ತೇನೆ. ನಡುವಿನ ಮೂರೆಂದರೆ ಹೌದೂ ಅಲ್ಲದ, ಇಲ್ಲವೂ ಅಲ್ಲದ ನಮ್ಮ ಕರಾವಳಿಯ ‘ನೋಡುವ’. ನಮ್ಮಲ್ಲಿ ಎಷ್ಟೋ ಮದುವೆಯ ಮಾತುಕತೆಗಳು ಆ ಮೂರರಲ್ಲೇ ಸದ್ದಿಲ್ಲದೆ ತೀರಿಕೊಂಡಿವೆ.

ವಾಟ್ಸಪ್ಪಿನ ಸುದ್ದಿಯನ್ನು ಜನ ಎಷ್ಟು ನಂಬುತ್ತಾರೆ ಎಂಬುದು ನನ್ನ ವಿಷಯ. ಗುರುತಿನವರಿದ್ದರೆ ಕೆಲಸ ಸಲೀಸು ಎಂದು ಪ್ರಶ್ನಾವಳಿ ಹಿಡಿದು ಕಾಪುವಿಗೇ ಹೋದೆ. ಕುರ್ಚಿ ಒರೆಸಿ ಕೂರಿಸಿದರು, ಎಳನೀರಿನ ಬೊಂಡ ಕೆತ್ತಿ ಕೊಟ್ಟರು, ಪ್ರಶ್ನಾವಳಿಯನ್ನು ಭಕ್ತಿಯಿಂದ ತುಂಬಿದರು. ‘ಈ ಸುದ್ದಿಗಳನ್ನು ನಂಬುತ್ತೇನೆ’ ಎಂಬುದಕ್ಕೆ ಐದು. ಕೆಳಗೆ, ‘ನಂಬುವುದೇ ಇಲ್ಲ’ ಎಂಬುದಕ್ಕೂ ಐದು. ಮನೆಯಿಂದ ಮನೆಗೆ ಅದೇ.

ಮೀನು ವ್ಯಾಪಾರದ ಸುಮತಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳನ್ನು ಕೇಳಿದೆ. “ಎಂತ ಸುಮತಿ, ಎರಡಕ್ಕೂ ಐದಾ?”

“ಮತ್ತೆ? ಐದರವರೆಗೇ ಅಲ್ವಾ ಇರುವುದು ಮಾಷ್ಟ್ರೇ. ಹತ್ತು ಇದ್ದಿದ್ದರೆ ಹತ್ತು ಕೊಡುತ್ತಿದ್ದೆ.”

“ಇದು ನನಗೆ ಕೊಡುವ ಮಾರ್ಕಲ್ಲ ಮಾರಾಯ್ತಿ.”

“ಹಾಗೆ ನೀವು ಹೇಳುವುದು. ಈ ಪ್ರಾಯದಲ್ಲಿ ನೀವು ಫೇಲಾದರೆ ನಮಗೆ ಮರ್ಯಾದೆ ಉಂಟಾ? ಆಚೆಮನೆಯವರಿಗೂ ಹೇಳಿ ಬಂದಿದ್ದೇನೆ.”

ಉತ್ತರಗಳಲ್ಲಿ ಏರುಪೇರಿದ್ದರೆ ಮಾತ್ರ ಈ ಶಾಸ್ತ್ರದ ಲೆಕ್ಕ ನಡೆಯುತ್ತದೆ. ಆ ಏರುಪೇರಿನ ಅಳತೆ ಕಾಪುವಿನಲ್ಲಿ ಸೊನ್ನೆ. ಊರಿಗೆ ಊರೇ ಒಂದಾದದ್ದನ್ನು ಕಂಡು ಕಂಪ್ಯೂಟರ್ ಕೈಚೆಲ್ಲಿತು. ನನ್ನ ಗೈಡ್, ಮಗಳ ಪ್ರಾಯದವರು, “ಸರ್, ಇದರಿಂದ ಏನೂ ಹೇಳಲಿಕ್ಕಾಗುವುದಿಲ್ಲ” ಎಂದರು. ಪಕ್ಕದ ಬೆಂಚಿನ ಸಹಪಾಠಿ ದಯೆಯಿಂದ ಪಿಸುಗುಟ್ಟಿದ: “ಅಲ್ಲಲ್ಲಿ ಎರಡು, ಮೂರು ಮಾಡಿಬಿಡಿ ಸರ್. ಯಾರಿಗೆ ಗೊತ್ತಾಗ್ತದೆ?”

ಒಪ್ಪಿಸುವ ದಿನ ಹತ್ತಿರ ಬಂದಿತ್ತು. ಪೆನ್ನು ತೆರೆದದ್ದೂ ಉಂಟು. ಆದರೆ ಸುಮತಿಯ ಐದನ್ನು ಎರಡು ಮಾಡುವುದೆಂದರೆ ಅವಳು ಕೊಟ್ಟ ಬೊಂಡವನ್ನು ಅಂಗಳಕ್ಕೆ ಸುರಿದಂತೆ. ಪೆನ್ನು ಮುಚ್ಚಿ, ನನ್ನನ್ನು ಯಾರೂ ಅರಿಯದ ಕಾರ್ಕಳಕ್ಕೆ ಹೋದೆ.

ಅಲ್ಲಿ ಬೊಂಡವಿಲ್ಲ, ಕುರ್ಚಿಯೂ ಇಲ್ಲ. “ನಿಮ್ಮದು ಯಾವ ಪಾರ್ಟಿ?” ಎಂದು ಒಬ್ಬರು ಕೇಳಿದರು. ದಿನಸಿ ಅಂಗಡಿಯವರೊಬ್ಬರು ಪೂರ್ತಿ ಓದಿ, “ಪ್ರಶ್ನೆಯೇ ಸರಿ ಇಲ್ಲ ಮಾರಾಯ್ರೆ” ಎಂದು ಸಾಲಾಗಿ ಒಂದು, ಒಂದು, ಒಂದು ಎಂದು ಗುರುತು ಹಾಕಿದರು. ಅವರ ಹಿಂದೆ ನಿಂತಿದ್ದವರು ಅಷ್ಟೇ ಹಟದಿಂದ ನಾಲ್ಕು ಹಾಕಿದರು. ಅಪರಿಚಿತರ ಇಂಥ ನಿರ್ದಾಕ್ಷಿಣ್ಯ ನನ್ನನ್ನು ಹಿಂದೆಂದೂ ಇಷ್ಟು ಸಂತೋಷಪಡಿಸಿರಲಿಲ್ಲ.

ಲೆಕ್ಕ ನಡೆಯಿತು. ಕಾಪುವಿನ ಉತ್ತರಗಳನ್ನು ಬದಿಗಿಟ್ಟದ್ದೇಕೆ ಎಂಬುದನ್ನು ‘ಅಧ್ಯಯನದ ಮಿತಿಗಳು’ ಎಂಬ ಭಾಗದಲ್ಲಿ ಬರೆಯಬೇಕು ಎಂದರು ಗೈಡ್. ಶಾಸ್ತ್ರದಲ್ಲಿ ಅದಕ್ಕೆ ‘ಪೂರ್ವಗ್ರಹ’ ಎಂಬ ಹೆಸರಿದೆ. ಬರೆಯಲು ಕೈ ಬರಲಿಲ್ಲ. ಬಹಳ ಯೋಚಿಸಿ ಒಂದೇ ವಾಕ್ಯ ಬರೆದೆ: ‘ಕಾಪುವಿನ ಜನರಿಗೆ ಸಂಶೋಧಕನ ಮೇಲೆ ಪ್ರೀತಿ ಇದ್ದುದರಿಂದ ಅಲ್ಲಿನ ಉತ್ತರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.’

ಗೈಡ್ ಕೆಂಪು ಪೆನ್ನು ಹಿಡಿದು ಓದುತ್ತ ಬಂದವರು ಅಲ್ಲಿ ನಿಂತರು. ಏನನ್ನೂ ತಿದ್ದದೆ ಪುಟ ತಿರುಗಿಸಿದರು.