ದಡದ ಬೋಟು, ನೀರಿನ ಬೋಟು

ಅಬುಧಾಬಿಯ ಹಡಗು ರಿಪೇರಿ ಯಾರ್ಡೊಂದರಲ್ಲಿ ಟ್ಯಾಂಕುಗಳೊಳಗಿನ ಗಾಳಿ ಪರೀಕ್ಷಿಸುವುದು ನನ್ನ ಕೆಲಸ. ಆ ವರ್ಷ ಎರಡು ಹಳೆಯ ಕ್ಷಿಪಣಿ ಬೋಟುಗಳು ಬಂದವು. ಒಂದೇ ವರ್ಗ, ಒಂದೇ ಅಳತೆ. ಒಂದು ದೇಶದ ನೌಕಾಪಡೆ ಅವನ್ನು ಇನ್ನೊಂದು ದೇಶಕ್ಕೆ ಕೊಡಲಿತ್ತು. ಹಳೆಯ ನಂಬರು ಉಜ್ಜಿ ಬೂದು ಬಣ್ಣ ಬಳಿದಿದ್ದರು. ಹೊಸ ನಂಬರು ಬೋಟು ಒಪ್ಪಿಸುವ ವಾರದಲ್ಲಷ್ಟೇ ಬರುತ್ತದೆ. ಅಲ್ಲಿಯವರೆಗೆ ಗುರುತು ಬೇಕಲ್ಲ? ಅಕ್ಕಪಕ್ಕ ಕಟ್ಟಿದ್ದರಿಂದ ದಡಕ್ಕೆ ತಾಗಿದ್ದನ್ನು ದಡದ್ದು, ಅದರಾಚೆಯದನ್ನು ನೀರಿನದ್ದು ಎನ್ನುತ್ತಿದ್ದೆವು. ದಡದ ಮೇಲೆ ನಿಲ್ಲಿಸಿದ್ದ ಸೂಚನೆಯ ಬೋರ್ಡಿನಲ್ಲೂ ನಾನು ಹಾಗೆಯೇ ಬರೆಯುತ್ತಿದ್ದೆ.

ಆ ಬೆಳಗ್ಗೆ ದಡದ್ದರ ಮುಂಭಾಗದ ಟ್ಯಾಂಕಿನಲ್ಲಿ ಗಾಳಿ ಸರಿಯಿತ್ತು. ಬೋರ್ಡಿನಲ್ಲಿ ‘ದಡದ್ದು: ಒಳಗೆ ಹೋಗಬಹುದು’ ಎಂದು ಬರೆದು ಸಹಿ ಹಾಕಿದೆ. ಉಳ್ಳಾಲದ ಕಡೆಯ ಬ್ಯಾರಿ ವೆಲ್ಡರ್ ಪಕ್ಕದಲ್ಲಿ ನಿಂತಿದ್ದರು. ನನಗಿಂತ ಹಿರಿಯರು, ಕಾಕಾ ಎನ್ನುತ್ತಿದ್ದೆ.

“ನಿನ್ನ ಮೀಟರಿಗೆ ನನಗಿಂತ ಹೆದರಿಕೆ ಜಾಸ್ತಿ ಮಾರಾಯ. ಖಲಾಸಾ?”

“ಆಯ್ತು ಕಾಕಾ. ಚಾ ಕುಡಿದು ಇಳೀರಿ.”

“ಚಾ ನಿಂದಾದ್ರೆ ಎರಡು ಕುಡೀತೇನೆ.”

ಚಾ ಕುಡಿಯುತ್ತಿರುವಾಗ ಹಡಗು ಎಳೆಯುವ ಟಗ್ಗು ಬಂದು ಎರಡೂ ಬೋಟುಗಳನ್ನು ಅದಲುಬದಲು ಮಾಡಿತು. ನೀರಿನ ಕಡೆಯದಕ್ಕೆ ದಡದ ಕ್ರೇನು ಎಟುಕುತ್ತಿರಲಿಲ್ಲ. ಕ್ಯಾಂಟೀನಿನ ಕಿಟಕಿಯಿಂದ ಅದನ್ನು ನೋಡಿದೆ. ಬೋರ್ಡು ನೆನಪಾಗಲಿಲ್ಲ.

ಈಗ ದಡಕ್ಕೆ ಬಂದಿದ್ದ ಬೋಟಿನ ಮುಂಭಾಗದ ಟ್ಯಾಂಕಿನ ಮುಚ್ಚಳವನ್ನೂ ತೆಗೆದಿದ್ದರು, ಒಳಗೆ ಗಾಳಿ ಊದಿರಲಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕು ಆಮ್ಲಜನಕವನ್ನು ತಿಂದುಬಿಡುತ್ತದೆ. ವಾಸನೆಯಿಲ್ಲ, ಹೊಗೆಯಿಲ್ಲ. ಕಾಕಾ ಬೋರ್ಡು ಓದಿ ಇಳಿದರು.

ಟ್ಯಾಂಕಿನ ಬಾಯಿಯ ಬಳಿ ಕಾವಲಿಗೆ ನಿಂತವನು ಕೂಗಿದಾಗ ಓಡಿದೆ. ಹಗ್ಗ ಕಟ್ಟಿ ಮೀಟರು ಇಳಿಬಿಟ್ಟೆ. ಆಮ್ಲಜನಕ ಶೇಕಡಾ ಇಪ್ಪತ್ತೊಂದು ತೋರಿಸಬೇಕಾದಲ್ಲಿ ಏಳು ತೋರಿಸಿ ಕಿರುಚತೊಡಗಿತು. ಕಾಕಾ ಏಣಿಯ ಬುಡದಲ್ಲಿದ್ದರು, ಒಂದು ಕೈ ಮೂರನೆಯ ಮೆಟ್ಟಿಲ ಮೇಲೆ. ಕಾವಲಿನವನು ಒಳಗೆ ಕಾಲಿಟ್ಟ. ನಾನು ಅವನ ಬೆಲ್ಟು ಹಿಡಿದೆ.

“ಛೋಡೋ ಭಾಯಿ! ವೋ ಮರ್ ಜಾಯೇಗಾ!”

ಅವರು ಸಾಯುತ್ತಾರೆ, ಬಿಡು ಎಂದು ಅವನು ಕೂಗಿದರೂ ಬಿಡಲಿಲ್ಲ. ಗಾಳಿಯ ಬಾಟಲಿ ಹೊತ್ತವರು ಬರುವವರೆಗೆ ಯಾರೂ ಇಳಿಯಬಾರದು, ಇಳಿದರೆ ಇಬ್ಬರು ಸಾಯುತ್ತಾರೆ. ಅವನು ನನ್ನ ಮೊಣಕೈಗೆ ಹೊಡೆಯುತ್ತಲೇ ಇದ್ದ. ನಾವು ನೋಡುತ್ತಿರುವಾಗಲೇ ಆ ಕೈ ಮೆಟ್ಟಿಲಿನಿಂದ ಜಾರಿತು. ಮೇಲೆ ತಂದಾಗ ಜೀವವಿರಲಿಲ್ಲ.

ವಿಚಾರಣೆಯಲ್ಲಿ ಕೇಳಿದರು: ನೀವು ಪರೀಕ್ಷಿಸಿದ್ದು ಯಾವ ಬೋಟು? ದಡದ್ದು ಎಂದೆ. ಅವರು ಸತ್ತದ್ದು ಯಾವುದರಲ್ಲಿ? ಅದಕ್ಕೂ ನನ್ನ ಬಳಿ ಇದ್ದದ್ದು ಅದೊಂದೇ ಹೆಸರು. ಬೋರ್ಡಿನ ಅಕ್ಷರ ನನ್ನದೇ ಎಂದು ಒಪ್ಪಿಕೊಂಡೆ. ಅಂದಿನಿಂದ ಬೋರ್ಡಿನಲ್ಲಿ ಬರೆಯುವುದಿಲ್ಲ. ಟ್ಯಾಂಕಿನ ಬಾಯಿಯ ಉಕ್ಕಿನ ಮೇಲೆಯೇ ಬರೆಯುತ್ತೇನೆ.

ಹೊಸ ನಂಬರು ಬಿದ್ದ ವಾರ ಬೋಟು ಪಡೆಯಲಿದ್ದ ದೇಶದ ಮೆಕ್ಯಾನಿಕ್ ಒಬ್ಬ ಹತ್ತಿರ ಬಂದು, ಅವರು ಸತ್ತದ್ದು ಯಾವುದರಲ್ಲಿ ಎಂದು ತಗ್ಗಿದ ದನಿಯಲ್ಲಿ ಕೇಳಿದ. ಕರೆದುಕೊಂಡು ಹೋಗಿ ತೋರಿಸಿದೆ. ಮೂರನೆಯ ಮೆಟ್ಟಿಲಿಗೂ ಹೊಸ ಬಣ್ಣ ಬಳಿದಿದ್ದರು. ಅವನು ಬೋಟಿನ ನಂಬರನ್ನು ಅಂಗೈಯಲ್ಲಿ ಬರೆದುಕೊಂಡ. ಅವನ ಪೆನ್ನು ಕೇಳಿ ನಾನೂ ಬರೆದುಕೊಂಡೆ.