ಸೊಂಟದೆತ್ತರದ ಓಕ್

ಅಡುಗೆಮನೆಯ ಕಿಟಕಿಯಾಚೆ, ಬೇಲಿಯ ಮೇಲೆ ಅಳಿಲೊಂದು ಕೂತು ಓಕ್ ಕಾಯಿ ಕಡಿಯುತ್ತಿತ್ತು. ನಮ್ಮದೇ ಗಿಡದ್ದು! ಚಹಾ ಬಿಟ್ಟು ಎದ್ದುಹೋಗಿ ಗದರಿಸಿ ಬಂದೆ.

ಓಕ್ ಅಂದರೆ ನೀವು ಮುಗಿಲು ಮುಟ್ಟುವ ಮರ ಅಂದುಕೊಂಡಿರಬೇಕು. ನನ್ನ ಗಂಡನೂ ಹಾಗೇ ಅಂದುಕೊಂಡಿದ್ದರು. ರಿಟೈರಾದ ವರ್ಷ ಕೆನಡಾದ ಮಿಸಿಸಾಗದ ಈ ಮನೆಗೆ ಸಸಿ ತಂದು, ಮುಂದೆ ನೆರಳಿಗಾದೀತೆಂದು ಹಿತ್ತಲ ನಟ್ಟನಡುವೆ ನೆಟ್ಟರು.

"ಇದು ಮರ ಆಗೂದರಾಗ ನಾವು ಎಲ್ಲಿರತೇವೋ!" ಎಂದು ನಕ್ಕೆ. ನನ್ನದು ಧಾರವಾಡದ ನಾಲಗೆ, ಸುಮ್ಮನಿರುವುದಿಲ್ಲ.

ಮಜ್ಜಿಗೆ ನೀರು, ಅಕ್ಕಿ ತೊಳೆದ ನೀರು ಎಲ್ಲ ಸುರಿದರು ಪಾಪ. ಗಿಡ ಸೊಂಟದೆತ್ತರಕ್ಕೆ ಬಂದು ನಿಂತೇಬಿಟ್ಟಿತು. ಬುಡದಿಂದಲೇ ಕವಲೊಡೆದು ಅಗಲವಾಯಿತಷ್ಟೇ. ಆಮೇಲೆ ತಿಳಿಯಿತು, ಇದು ಗಿಡ್ಡ ಜಾತಿಯ ಓಕ್. ಮರಳು ನೆಲ, ಒಣ ನೆಲವೇ ಇದಕ್ಕಿಷ್ಟ. ಇದರ ಪೂರ್ತಿ ಬೆಳವಣಿಗೆಯೇ ಇಷ್ಟು. ಆದರೆ ದೊಡ್ಡ ಓಕ್‌ಗಳಂತೆ ಎಷ್ಟೋ ವರ್ಷ ಕಾಯಿಸದೆ, ಮೂರನೇ ವರ್ಷಕ್ಕೇ ಕಾಯಿ ಬಿಟ್ಟಿತು. ಅವರು ಬೊಗಸೆ ತುಂಬ ತಂದು, ಹುರಿದು, ಉಪ್ಪು ಖಾರ ಹಚ್ಚಿದರು.

"ತಿನ್ನು, ಕಹಿ ಇಲ್ಲ. ನಮ್ಮ ಕಾಲದಾಗ ಕಾಯಿ ಬಿಟ್ಟದ ನೋಡು!"

ಮರುವರ್ಷ ಅವರು ಹೋದರು. ಅಂದಿನಿಂದ ಯಾರಾದರೂ ಮುಂದಿನ ಬೇಸಿಗೆಯ ಮಾತೆತ್ತಿದರೆ, "ಅಲ್ಲೀತನಕಾ ನಾ ಇದ್ದರ ನೋಡೂಣ" ಎಂದು ಬಾಯಿ ಮುಚ್ಚಿಸುತ್ತೇನೆ.

ಈಗ ಮನೆ ಮಾರಿಯಾಗಿದೆ. ನ್ಯೂಮಾರ್ಕೆಟ್ ಎಂಬ ಊರಿನಲ್ಲಿರುವ ಮಗ ರಾಘುವಿನ ಮನೆಗೆ ಹೋಗಬೇಕು. ಗಿಡ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದೆ. ಮೊನ್ನೆ ಶನಿವಾರ ಅವನೇ ಬಂದು ಅಗೆದ. ಮೇಲೆ ಗಿಡ್ಡ, ಕೆಳಗೆ ಬೇರಿಗೆ ಕೊನೆಯೇ ಇಲ್ಲ! ತೊಡೆಯಾಳದ ಗುಂಡಿಯಲ್ಲಿ ನಿಂತು ಬೆವರೊರೆಸಿಕೊಂಡ.

"ಇಂಪಾಸಿಬಲ್ ಅಮ್ಮಾ. ಬೇರು ಕಡಿದರ ಸಾಯ್ತದ."

"ನಿನಗ ಮನಸಿಲ್ಲ ಅಷ್ಟ!" ಎಂದು ಕೂಗಾಡಿ, ಮಣ್ಣಲ್ಲೇ ಕೂತು ಅತ್ತೆ. ಅವರನ್ನು ಎರಡನೇ ಸಲ ಕಳೆದುಕೊಂಡಂತಾಗಿತ್ತು. ಅವನು ಗುಂಡಿ ಮುಚ್ಚಿದ.

ಇವತ್ತು ಅಳಿಲನ್ನು ಓಡಿಸಿದ ಮೇಲೆ ಗಿಡದ ಬುಡದಲ್ಲಿ ಬಗ್ಗಿ ಹುಡುಕಿದೆ. ಉಳಿದಿದ್ದ ಒಂದು ಹಿಡಿ ಕಾಯಿ ಸಿಕ್ಕಿತು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ, ಒಣಗಿದರೆ ಮೊಳೆಯುವುದಿಲ್ಲ. ಅಷ್ಟರಲ್ಲಿ ಸೊಸೆಯ ಫೋನು.

"ಅತ್ತಿ, ಮುಂದಿನ ಸಮ್ಮರ್‌ಗೆ ಬ್ಯಾಕ್‌ಯಾರ್ಡಿನಾಗ ಕೂಡಾಕ ಕಟ್ಟಿಗಿ ಡೆಕ್ ಹಾಕಸ್ತೇವಿ. ನಿಮಗ ಓಕೇನಾ?"

"ಒಂದು ಮೂಲಿ ನನಗ ಬಿಡವಾ. ಕಾಯಿ ಊರತೇನಿ."

"ಅದು ಗಿಡ ಆಗಿ ಕಾಯಿ ಬಿಡೂದು ಯಾವಾಗ ಅತ್ತಿ?"

"ಮೂರು ವರ್ಷ ತಡಿ," ಎಂದೆ, "ನಾನ ಕಿತ್ತು ನಿನ್ನ ಕೈಯಾಗ ಕೊಡ್ತೇನಿ."